ಎಂಜಿನ್ನಿನ ಮೂಗು



ಕೆಲವು ವರ್ಷಗಳ ಹಿಂದೆ, ತೊಗರಿ ರಾಶಿಯ ಕಾಲದಲ್ಲಿ, ನಮ್ಮ ಕ್ಯಾಮೆರಾ ತಂಡ ಶಹಾಪುರ ಮತ್ತು ಸುರಪುರದ ನಡುವಣ ಹಳ್ಳಿಗಳಿಗೆ ಚಿತ್ರೀಕರಣಕ್ಕೆ ಹೋಗಿತ್ತು. ಟ್ರ್ಯಾಕ್ಟರೊಂದು ಹಾದುಹೋದರೆ ಎದುರಿನ ಮನೆ ಕಾಣದಷ್ಟು ಧೂಳು. ಛಾಯಾಗ್ರಾಹಕರು ಗಳಿಗೆಗೊಮ್ಮೆ ಲೆನ್ಸ್ ಒರೆಸುತ್ತಿದ್ದರು. ಆದರೆ ನಮ್ಮ ಸಾಮಾನು ಹೊತ್ತು ದಿನವಿಡೀ ಅದೇ ದಾರಿಯಲ್ಲಿ ಓಡಾಡುತ್ತಿದ್ದ ಬೈಕಿನ ಕಡೆ ಯಾರೂ ನೋಡಲಿಲ್ಲ. ಅದು ನನ್ನ ಅಕ್ಕನ ಮಗನದು. ಬೆಳಿಗ್ಗೆ ಅದರ ಮೇಲೆ ಹಾಲಿನ ಕ್ಯಾನು ಹಾಕಿ ಬಂದು, ಆಮೇಲೆ ಕಾಲೇಜಿಗೆ ಹೋಗುವ ಹುಡುಗ.

“ಮಾಮಾ, ಗಾಡಿ ಜಗ್ಗವಲ್ದಾಗಿತ್ತು. ಫಿಲ್ಟರ್ ತೆಗದು ಒಗದೀನಿ, ಈಗ ಚಲೋ ಓಡ್ತದ” ಎಂದ. ನಮ್ಮ ಕಡೆ ಬಟ್ಟೆ ತೊಳೆಯುವುದಕ್ಕೂ ‘ಒಗೆ’, ಬಿಸಾಡುವುದಕ್ಕೂ ‘ಒಗೆ’. ಬಹಳ ವರ್ಷ ಬೆಂಗಳೂರಿನ ನೀರು ಕುಡಿದ ನಾನು, ತೊಳೆದಿದ್ದಾನೆ ಎಂದುಕೊಂಡು ಸುಮ್ಮನಾದೆ. ಅವನು ಬಿಸಾಡಿದ್ದ! ಎಂಟು ತಿಂಗಳಿಗೆ ಬೈಕು ನೀಲಿ ಹೊಗೆ ಉಗುಳತೊಡಗಿತು. ಸಿಲಿಂಡರ್ ಬೋರ್ ಮಾಡಿಸಿ, ಪಿಸ್ಟನ್, ರಿಂಗು ಹೊಸದು ಹಾಕಿಸುವಲ್ಲಿ ಕಾಲೇಜಿನ ಫೀಸಿಗೆಂದು ಇಟ್ಟ ಹಣ ಹೋಯಿತು. ಇನ್ನೊಂದು ಮಾತು: ಅವನು ನಿಜವಾಗಿ ತೊಳೆದಿದ್ದರೂ ತಪ್ಪೇ ಆಗುತ್ತಿತ್ತು. ಅದು ಕಾಗದದ ಫಿಲ್ಟರ್.

ಸ್ವಲ್ಪ ಲೆಕ್ಕ ಮಾಡೋಣ. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು, ತೂಕದಲ್ಲಿ, ಸುಮಾರು 14.7 ಭಾಗ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ ಎಂದರೆ ಗಾಳಿ ಸುಮಾರು 11 ಕಿಲೋ. ಒಂದು ಘನ ಮೀಟರ್ ಗಾಳಿ 1.2 ಕಿಲೋ ತೂಗುವುದರಿಂದ ಇದು 9,000 ಲೀಟರಿಗೂ ಹೆಚ್ಚಾಯಿತು. ಯಾದಗಿರಿಯಲ್ಲಿ ಭೀಮಾ ಸೇತುವೆ ದಾಟಿ, ಶಹಾಪುರದ ಮೇಲೆ ಸುರಪುರ ಮುಟ್ಟಲು ನೂರು ಸಿಸಿ ಬೈಕಿಗೆ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲು ಸಾಕು. ಅಷ್ಟು ದಾರಿಗೆ ಅದು ನುಂಗುವ ಗಾಳಿ ಇಷ್ಟು! ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿಯಲ್ಲಿ ಬದುಕುತ್ತಾನೆ.

ಆ ಗಾಳಿಯಲ್ಲಿ ಏನಿದೆ? ಶಹಾಪುರದ ಬುದ್ಧ ಮಲಗಿದಂತೆ ಕಾಣುವ ಗುಡ್ಡ ನೋಡಿದ್ದೀರಲ್ಲ, ಅಂಥ ಗ್ರಾನೈಟ್ ಸವೆದು ಆದ ಮಣ್ಣಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಗಡಸುತನದ ಮಾಪಕದಲ್ಲಿ ಬೆಣಚಿಗೆ 7. ಸಾಧಾರಣ ಉಕ್ಕು ಅದಕ್ಕಿಂತ ಮೆದು. ತಲೆಗೂದಲಿನ ದಪ್ಪದ ನಾಲ್ಕನೇ ಒಂದು ಭಾಗಕ್ಕಿಂತ ಚಿಕ್ಕ ಕಣ ರಿಂಗಿಗೂ ಸಿಲಿಂಡರಿಗೂ ನಡುವಿನ ಎಣ್ಣೆಯ ಪದರದಲ್ಲಿ ಸೇರಿದರೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಗೋಡೆ ಸವೆದಷ್ಟೂ ಎಣ್ಣೆ ಮೇಲೇರಿ ಉರಿಯುತ್ತದೆ. ಅಳಿಯನ ಬೈಕಿನ ನೀಲಿ ಹೊಗೆ ಅದೇ.

ಫಿಲ್ಟರ್ ಬರೀ ಜರಡಿಯಲ್ಲ. ಗಾಳಿ ಸಂದಿಗೊಂದಿಯಲ್ಲಿ ತಿರುಗಿಕೊಂಡು ಹೋಗುತ್ತದೆ, ಭಾರವಾದ ಕಣ ತಿರುಗಲಾರದೆ ಎಳೆಗೆ ಬಡಿದು ಅಂಟುತ್ತದೆ. ಹೀಗಾಗಿ ರಂಧ್ರಕ್ಕಿಂತ ಚಿಕ್ಕ ಕಣವೂ ಸಿಕ್ಕಿಬೀಳುತ್ತದೆ. ಮಣ್ಣಿನ ಓಟದ ಸ್ಪರ್ಧೆಯ ಬೈಕುಗಳಲ್ಲಿ ಎಣ್ಣೆ ಸವರಿದ ಸ್ಪಾಂಜ್ ಇಡುವುದು ಇದಕ್ಕೇ. ಫಿಲ್ಟರ್ ಕಟ್ಟಿಕೊಂಡರೆ ಕಾರ್ಬುರೇಟರಿನಲ್ಲಿ ಸೆಳೆತ ಹೆಚ್ಚಿ ಪೆಟ್ರೋಲು ಹೆಚ್ಚು ಬರುತ್ತದೆ. ಹೊಗೆ ಕಪ್ಪಾಗಿ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದಮೇಲೆ ಬಹುತೇಕ ಬೈಕುಗಳಲ್ಲಿ ಇಂಧನ ಇಂಜೆಕ್ಷನ್ ಇದೆ. ಅವು ಪೆಟ್ರೋಲನ್ನು ತಾವೇ ಸರಿದೂಗಿಸುವುದರಿಂದ ಹೊಗೆ ಕಾಣದೆ ಬರೀ ಶಕ್ತಿ ಕುಂದಬಹುದು.

ಈಗ ಕೆಲಸಕ್ಕೆ ಬರೋಣ. ಮೊದಲು ಪೆಟ್ಟಿಗೆಯ ಹೊರಗಿನ ಧೂಳು ಒರೆಸಿ. ಆಮೇಲೆ ಮುಚ್ಚಳ ಬಿಚ್ಚಿ ಫಿಲ್ಟರ್ ತೆಗೆದ ಕೂಡಲೇ ಎಂಜಿನ್ನಿಗೆ ಹೋಗುವ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ. ಅದನ್ನು ಮರಳಿ ತೆಗೆಯಲು ಮರೆಯಬೇಡಿ, ಮರೆತವರನ್ನು ಕಂಡಿದ್ದೇನೆ. ಸ್ಪಾಂಜ್ ಆದರೆ ಸೋಪಿನ ಪುಡಿ ಕದಡಿದ ಉಗುರುಬೆಚ್ಚಗಿನ ನೀರಿನಲ್ಲಿ ಅದುಮಿ ಅದುಮಿ ತೊಳೆಯಬೇಕು. ಬಟ್ಟೆಯಂತೆ ಹಿಂಡಿದರೆ ಹರಿಯುತ್ತದೆ. ಪೆಟ್ರೋಲಿನಲ್ಲಿ ತೊಳೆಯುವ ಚಟ ಬೇಡ, ಅದು ಬೆಂಕಿಯೊಡನೆ ಆಟ, ಸ್ಪಾಂಜಿನ ಅಂಟೂ ಬಿಡುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆಯನ್ನೋ ಕೈಪಿಡಿ ಹೇಳಿದ ಎಣ್ಣೆಯನ್ನೋ ಎಲ್ಲೆಡೆ ಸವರಿ, ಹೆಚ್ಚಿನದನ್ನು ಅದುಮಿ ತೆಗೆಯಿರಿ.

ಒಣ ಕಾಗದದ ಫಿಲ್ಟರಿಗೆ ನೀರು, ಎಣ್ಣೆ ಎರಡೂ ಆಗದು. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಊದಿ. ಪಂಕ್ಚರ್ ಅಂಗಡಿಯ ಪೈಪನ್ನು ಹತ್ತಿರ ಹಿಡಿದು ಜೋರಾಗಿ ಬಿಟ್ಟರೆ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಕಾಗದಕ್ಕೇ ಎಣ್ಣೆ ಹಾಕಿ ಬಂದಿದ್ದರೆ ಊದುವುದೂ ಬೇಡ, ಅವಧಿಗೆ ಬದಲಿಸಬೇಕು. ಕೈಪಿಡಿಯಲ್ಲಿ ಬರೆದ ಕಿಲೋಮೀಟರು ಒಳ್ಳೆಯ ರಸ್ತೆಯ ಲೆಕ್ಕ. ಕಾಲುವೆಯ ದಂಡೆ, ಹತ್ತಿ ಹೊಲದ ದಾರಿಯಲ್ಲಿ ಓಡಾಡುವವರು ಅದಕ್ಕಿಂತ ಬಹಳ ಮೊದಲೇ ತೆರೆದು ನೋಡಬೇಕು.

ಕೊನೆಗೆ ಒಂದು ಪರೀಕ್ಷೆ. ಫಿಲ್ಟರ್ ದಾಟಿದ ಮೇಲಿನ, ಎಂಜಿನ್ ಕಡೆಯ ಭಾಗವನ್ನು ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿತೆಂದರೆ ಫಿಲ್ಟರ್ ಹರಿದಿದೆ, ಇಲ್ಲವೇ ಅಂಚು ಸರಿಯಾಗಿ ಕೂತಿಲ್ಲ. ಹಾಗಿದ್ದರೆ ಅದನ್ನು ಸರಿಪಡಿಸದೆ ಕಿಕ್ ಹೊಡೆಯಬೇಡಿ.