ಓತಿಕ್ಯಾತ ಯಾಕೆ ಓಡಲಿಲ್ಲ?

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು 2005ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಬಿ.ಇ. ಮುಗಿಸಿ, ಈಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ‘ನಿನ್ನ ಸಾಧನೆ ಬಗ್ಗೆ ನಾಲ್ಕು ಮಾತಾಡು’ ಎಂದು ಸಮಿತಿಯವರು ಹೇಳಿದರು. ನಾನು ಹೇಳಲು ಹೊರಟಿರುವುದು ಒಂದು ಗಾಜಿನ ಪೆಟ್ಟಿಗೆಯನ್ನು ಬೆಚ್ಚಗಿಟ್ಟ ಕಥೆ. ಅದರಲ್ಲಿ ನನ್ನ ಸಾಧನೆ ಕಡಿಮೆ, ಈ ಶಾಲೆಯದೇ ಹೆಚ್ಚು.

ಮೊದಲು ಒಂದು ತಪ್ಪೊಪ್ಪಿಗೆ. ಒಂಬತ್ತನೇ ತರಗತಿಯಲ್ಲಿದ್ದಾಗ, ಮಾಗಿಯ ಚಳಿಯ ಒಂದು ಬೆಳಿಗ್ಗೆ, ಶಾಲೆಯ ಬೇಲಿ ಮೇಲೆ ಕೂತಿದ್ದ ಓತಿಕ್ಯಾತಕ್ಕೆ ಕಲ್ಲು ಹೊಡೆದೆ. ಅದು ಓಡಲಿಲ್ಲ. ಎರಡನೇ ಕಲ್ಲಿಗೆ ಸತ್ತಿತು. ಹುಡುಗರೆಲ್ಲ ‘ಭಲೇ ಗುರಿ’ ಅಂದರು. ನಮ್ಮ ವಿಜ್ಞಾನ ಮೇಷ್ಟ್ರು ನೋಡಿಬಿಟ್ಟರು. ಬೆತ್ತ ಎತ್ತಲಿಲ್ಲ. ‘ಅದು ಓಡಲಿಲ್ಲ ಅಂತ ಹೊಡೆದ್ಯಲ್ಲೋ, ಯಾಕೆ ಓಡಲಿಲ್ಲ ಅಂತ ಯೋಚನೆ ಮಾಡಿದ್ಯಾ?’ ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ಮಿನಿಯಾಪೊಲಿಸ್‌ಗೆ ಬನ್ನಿ. ಎಂಟು ವರ್ಷದ ನನ್ನ ಮಗಳು ಹಟ ಹಿಡಿದು ಒಂದು ‘ಬಿಯರ್ಡೆಡ್ ಡ್ರ್ಯಾಗನ್’ ತರಿಸಿಕೊಂಡಳು. ಹೆಸರು ಕೇಳಿ ಹೆದರಬೇಡಿ. ಅದು ಆಸ್ಟ್ರೇಲಿಯಾದ ಒಣನಾಡಿನ ಹಲ್ಲಿ, ನಮ್ಮ ಓತಿಕ್ಯಾತದ್ದೇ ಕುಟುಂಬ. ಹಾಗೇ ತಲೆ ಕುಣಿಸುತ್ತದೆ. ಮಗಳು ಅದಕ್ಕೆ ‘ಕ್ಯಾತ’ ಎಂದೇ ಹೆಸರಿಟ್ಟಳು. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, ‘ಇದೇನಪ್ಪಾ, ಓತಿಕ್ಯಾತಕ್ಕೆ ಕರೆಂಟ್ ದೀಪ ಹಚ್ಚಿ ಕೂರಿಸಿದ್ದೀಯಾ!’ ಎಂದು ನಕ್ಕರು.

ಚಳಿಗಾಲ ಬಂತು. ಅಲ್ಲಿ ಜನವರಿಯ ರಾತ್ರಿಗಳಲ್ಲಿ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದುಂಟು. ಕ್ಯಾತ ಊಟ ಬಿಟ್ಟ. ಒಂಬತ್ತು ದಿನ ಒಂದು ಹುಳುವನ್ನೂ ಮುಟ್ಟಲಿಲ್ಲ. ಮಗಳು ಪೆಟ್ಟಿಗೆಯ ಮುಂದೆಯೇ ಮಲಗತೊಡಗಿದಳು. ಪಶುವೈದ್ಯರು ನೋಡಿ, ‘ರೋಗವಲ್ಲ, ಚಳಿ’ ಎಂದರು. ಸರೀಸೃಪವನ್ನು ಶೀತರಕ್ತ ಪ್ರಾಣಿ ಅನ್ನುತ್ತೇವೆ. ಅದರ ರಕ್ತ ಸದಾ ತಣ್ಣಗಿರುತ್ತದೆ ಎಂದಲ್ಲ. ಬೇಕಾದ ಶಾಖವನ್ನು ಅದು ಹೊರಗಿನಿಂದ ಪಡೆಯಬೇಕು. ಮೈ ಬಿಸಿಯಾಗದಿದ್ದರೆ ತಿಂದದ್ದೂ ಜೀರ್ಣವಾಗದು. ದೀಪದ ಕೆಳಗಿನ ಕಲ್ಲು ಸುಮಾರು 40 ಡಿಗ್ರಿ ಇರಬೇಕು, ಪೆಟ್ಟಿಗೆಯ ಇನ್ನೊಂದು ತುದಿ 25ರ ಆಸುಪಾಸು. ಬೇಕಾದಾಗ ಬಿಸಿಗೆ, ಸಾಕಾದಾಗ ತಂಪಿಗೆ ಅದೇ ಓಡಾಡಿಕೊಳ್ಳುತ್ತದೆ.

ಗಾಜಿಗೆ ಅಂಟಿಸಿದ್ದ ಥರ್ಮಾಮೀಟರ್ 35 ತೋರಿಸುತ್ತಿತ್ತು. ಕಲ್ಲನ್ನೇ ಅಳೆದರೆ 29! ಸರ್ವರ್ ನಿಧಾನವಾದರೆ ದೊಡ್ಡ ಸರ್ವರ್ ಹಾಕುವುದು ನಮ್ಮ ವೃತ್ತಿಯ ಚಟ. 100 ವಾಟ್ ಬಲ್ಬ್ ತೆಗೆದು 150 ಹಾಕಿದೆ. ಕಲ್ಲು 50 ದಾಟಿತು, ಇನ್ನೊಂದು ತುದಿ 18ರಲ್ಲೇ ಇತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಕ್ಯಾತನ ಹೊಟ್ಟೆ ಸುಡುತ್ತಿತ್ತು.

ಆ ರಾತ್ರಿ ನೆನಪಾದದ್ದು ಕಾಲೇಜಿನ ಪಾಠವಲ್ಲ, ಇಲ್ಲಿನ ಎಂಟನೇ ತರಗತಿ. ಮೇಷ್ಟ್ರು ಕಬ್ಬಿಣದ ಸರಳಿಗೆ ಮೇಣದಿಂದ ಗುಂಡುಸೂಜಿ ಅಂಟಿಸಿ, ಒಂದು ತುದಿ ಕಾಯಿಸಿದ್ದರು. ಸೂಜಿಗಳು ಒಂದೊಂದಾಗಿ ಉದುರಿದ್ದವು. ವಹನ, ಸಂವಹನ, ವಿಕಿರಣ ಎಂದು ನಮ್ಮ ಕೈಲಿ ಬರೆಸಿದ್ದರು. ಶಾಖ ಹೆಚ್ಚಿಸುವ ಮೊದಲು ಅದು ಎಲ್ಲಿಂದ ಓಡಿಹೋಗುತ್ತಿದೆ ಎಂದು ನೋಡಬೇಕಿತ್ತು.

ವಹನ: ಬಿಸಿಲು ಬೀಳಲಿ ಎಂದು ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಇಟ್ಟಿದ್ದೆ. ಚಳಿಗಾಲದಲ್ಲಿ ಮನೆಯಲ್ಲೇ ತಣ್ಣನೆಯ ಜಾಗ ಅದು. ಒಳಗೋಡೆಯ ಪಕ್ಕಕ್ಕೆ ಸರಿಸಿದೆ. ಗಾಜು ಶಾಖವನ್ನು ಸುಲಭವಾಗಿ ಹೊರಗೆ ಬಿಟ್ಟುಕೊಡುತ್ತದೆ. ಹಿಂದೆ ಮತ್ತು ಎರಡು ಪಕ್ಕಗಳಿಗೆ, ದೀಪದಿಂದ ದೂರವಾಗಿ, ಹೊರಗಿನಿಂದ ಥರ್ಮೋಕೋಲಿನಂಥ ದಪ್ಪ ಹಲಗೆ ಕಟ್ಟಿದೆ.

ಸಂವಹನ: ಮೇಲಿನ ಮುಚ್ಚಳ ಪೂರ್ತಿ ಜಾಲರಿ. ಬಿಸಿಗಾಳಿ ಮೇಲೇರಿ ನೇರ ಹೊರಗೆ. ದೀಪವಿಲ್ಲದ ಕಡೆ ಅರ್ಧ ಜಾಲರಿ ಮುಚ್ಚಿ, ಉಸಿರಾಟಕ್ಕೆ ಉಳಿದದ್ದನ್ನು ತೆರೆದಿಟ್ಟೆ.

ವಿಕಿರಣ: ಹಳೆಯ 100 ವಾಟ್ ಬಲ್ಬನ್ನೇ ಮರಳಿ ಹಾಕಿ, ಇಟ್ಟಿಗೆ ಕೊಟ್ಟು ಕಲ್ಲನ್ನು ದೀಪಕ್ಕೆ ತುಸು ಹತ್ತಿರ ತಂದೆ. ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್, ಅದಕ್ಕೊಂದು ಥರ್ಮೋಸ್ಟಾಟ್.

ಕಲ್ಲು 40ಕ್ಕೆ, ಇನ್ನೊಂದು ತುದಿ 25ಕ್ಕೆ ಬಂದು ನಿಂತವು. ಮೂರನೇ ದಿನ ಬೆಳಿಗ್ಗೆ ಮಗಳು ಕಿರುಚಿದಳು: ‘ಅಪ್ಪಾ, ಕ್ಯಾತ ತಿಂದ!’

ಆ ಹೊತ್ತಿಗೆ ನನಗೆ ಬೇಲಿ ಮೇಲಿನ ಓತಿಕ್ಯಾತ ಕಣ್ಣಮುಂದೆ ಬಂತು. ಸರ್, ನೀವು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಇಪ್ಪತ್ತು ವರ್ಷ ತಡವಾಗಿ ಉತ್ತರ ಒಪ್ಪಿಸುತ್ತಿದ್ದೇನೆ. ಅದಕ್ಕೆ ಚಳಿಯಾಗಿತ್ತು ಸರ್. ಓಡಲು ಬೇಕಾದ ಬಿಸಿ ಮೈಗೆ ಇನ್ನೂ ಏರಿರಲಿಲ್ಲ. ಬಿಸಿಲಿಗಾಗಿ ಬೇಲಿ ಮೇಲೆ ಕಾಯುತ್ತಿತ್ತು.

ವಿದ್ಯಾರ್ಥಿಗಳೇ, ಇದನ್ನು ಕೇಳಿ ಯಾರೂ ಉಡವನ್ನೋ ನಕ್ಷತ್ರ ಆಮೆಯನ್ನೋ ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅವಕ್ಕೆ ಬೇಕಾದ ಬಿಸಿಲು ನಮ್ಮೂರಲ್ಲಿ ಪುಕ್ಕಟೆ ಇದೆ; ಕಲ್ಲು ಹೊಡೆಯದಿದ್ದರೆ ಸಾಕು.

ನಮ್ಮ ಬ್ಯಾಚಿನ ಪರವಾಗಿ ಪ್ರಯೋಗಾಲಯಕ್ಕೆ ಹತ್ತು ಥರ್ಮಾಮೀಟರ್ ತಂದಿದ್ದೇನೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಧ್ಯಾಹ್ನ ಶೀಟಿನ ಛಾವಣಿಯ ಕೆಳಗೆ ನಿಮ್ಮ ತರಗತಿ ಎಷ್ಟು ಕಾಯುತ್ತದೆ, ಬೇವಿನ ಮರದಡಿ ಎಷ್ಟಿದೆ ಎಂದು ಅಳೆದು ಬರೆಯಿರಿ. ಒಂದೆರಡು ಒಡೆದುಹೋದರೂ ಚಿಂತೆಯಿಲ್ಲ, ಮತ್ತೆ ತಂದುಕೊಡುತ್ತೇವೆ.