ಮನೆಯಂಗಳದಲ್ಲಿ ಸುಗಂಧರಾಜ

ಹಿತ್ತಲಲ್ಲಿ ಸುಗಂಧರಾಜವನ್ನು ನೆಟ್ಟವರು ಸಾಮಾನ್ಯವಾಗಿ ಹೇಳುವ ದೂರು ಒಂದುಂಟು: "ಮೊದಲನೆಯ ವರ್ಷ ಹೂ ಬಿಟ್ಟಿತು, ಈಗ ಬರೀ ಎಲೆ." ಗಿಡವೇನೋ ಹುಲ್ಲಿನ ಪೊದೆಯಂತೆ ಹಸುರಾಗಿ ಹಬ್ಬಿರುತ್ತದೆ, ಹೂದಂಡು ಮಾತ್ರ ಮೇಲೇಳುವುದಿಲ್ಲ. ಕೊನೆಗೆ ಬೇಸತ್ತು ಕಿತ್ತು ತಿಪ್ಪೆಗೆ ಎಸೆಯುತ್ತಾರೆ. ಮುಂದಿನ ವರ್ಷಗಳ ಹೂವೆಲ್ಲ ಆ ತಿಪ್ಪೆಯ ಪಾಲಾಯಿತೆಂದು ಅವರಿಗೆ ತಿಳಿಯದು. ಅದನ್ನು ಉಳಿಸಿಕೊಳ್ಳುವ ಬಗೆಯನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಇದರ ತೌರು ಮೆಕ್ಸಿಕೋ ದೇಶ. ಆದಕಾರಣ ಪಂಪನ ಕಾವ್ಯದಲ್ಲಿ ಮಲ್ಲಿಗೆ ಉಂಟು, ಇಮ್ಮಾವು ಉಂಟು; ಸುಗಂಧರಾಜವನ್ನು ಹುಡುಕಿ ಫಲವಿಲ್ಲ. ಇಂಗ್ಲಿಷಿನವರು ಇದನ್ನು ಟ್ಯೂಬರೋಸ್ ಎನ್ನುತ್ತಾರೆ. ಗುಲಾಬಿಗೂ ಇದಕ್ಕೂ ಯಾವ ನಂಟೂ ಇಲ್ಲ. ಗೆಡ್ಡೆಯುಳ್ಳದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಬಂದಿದೆ. ಹೆಸರೇ ಹೇಳುವಂತೆ, ಈ ಗಿಡದ ಗುಟ್ಟೆಲ್ಲ ಗೆಡ್ಡೆಯಲ್ಲಿದೆ.

ಆ ಗುಟ್ಟು ಇಷ್ಟೇ: ಒಂದು ಗೆಡ್ಡೆ ತನ್ನ ಆಯುಸ್ಸಿನಲ್ಲಿ ಒಂದೇ ಸಲ ಹೂ ಬಿಡುತ್ತದೆ. ಗೊನೆ ಹಾಕಿದ ಬಾಳೆಯ ಬಾಳು ಅಲ್ಲಿಗೆ ಮುಗಿದು, ಬುಡದ ಕಂದುಗಳು ಮುಂದುವರಿಯುವುದಿಲ್ಲವೆ? ಇಲ್ಲಿಯೂ ಹಾಗೆಯೇ. ತಾಯಿಗೆಡ್ಡೆಯ ಸುತ್ತ ಮರಿಗೆಡ್ಡೆಗಳು ಹುಟ್ಟುತ್ತವೆ. ಮುಂದಿನ ಹೂವು ಅವುಗಳದ್ದು. ಎರಡು ಮೂರು ವರ್ಷ ಕೀಳದೆ ಬಿಟ್ಟರೆ ಮರಿಗಳು ಒಂದನ್ನೊಂದು ಒತ್ತಿಕೊಂಡು, ಯಾವುದಕ್ಕೂ ಸಾಕಷ್ಟು ಆಹಾರ ಸಿಕ್ಕದೆ ಬಡವಾಗುತ್ತವೆ. ಎಲೆ ಹೆಚ್ಚಿ ಹೂ ತಪ್ಪುವುದು ಇದರಿಂದ.

ಪರಿಹಾರ ಕಠಿಣವಲ್ಲ. ಮಾಗಿ ಕಳೆದು ಎಲೆಗಳು ಹಳದಿಯಾಗತೊಡಗಿದಾಗ ನೀರು ನಿಲ್ಲಿಸಿರಿ. ಎಲೆ ಒಣಗಿದ ಮೇಲೆ ಹಿಂಡನ್ನು ಅಗೆದು, ಮಣ್ಣು ಕೊಡವಿ, ಗೆಡ್ಡೆಗಳನ್ನು ಬಿಡಿಸಿ, ಗಾಳಿಯಾಡುವ ನೆರಳಿನಲ್ಲಿ 4ರಿಂದ 6 ವಾರ ಹರಡಿಡಿರಿ. ಈ ವಿಶ್ರಾಂತಿ ಅವುಗಳಿಗೆ ಅವಶ್ಯ. ಸುಲಿದ ಅಡಿಕೆಯಷ್ಟು ದಪ್ಪ, ಎಂದರೆ 2ರಿಂದ 3 ಸೆಂಟಿಮೀಟರ್ ಅಡ್ಡಳತೆಯವನ್ನು ಹೂವಿಗೆಂದು ಆರಿಸಿಕೊಳ್ಳಿರಿ. ಸಣ್ಣವನ್ನು ಬಿಸಾಡಬೇಡಿ, ಬೇರೊಂದು ಮಡಿಯಲ್ಲಿ ನೆಟ್ಟರೆ ಬಲಿತು ಮುಂದೆ ಹೂ ಕೊಡುತ್ತವೆ.

ನೆಡುವುದಕ್ಕೆ ಏಪ್ರಿಲ್, ಮೇ ತಿಂಗಳು ಅನುಕೂಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಮಣ್ಣು ಜಿಗುಟಾದರೆ ಮರಳನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿರಿ. ಹಸಿ ಸಗಣಿ ಸಲ್ಲದು. ಗೆಡ್ಡೆಯಿಂದ ಗೆಡ್ಡೆಗೆ ಒಂದು ಗೇಣು ಅಂತರ, ಮೇಲೆ ಸುಮಾರು 5 ಸೆಂಟಿಮೀಟರ್ ಮಣ್ಣು. ಮೊಳಕೆ ಕಾಣುವವರೆಗೆ ನೀರಿನಲ್ಲಿ ಕೈಬಿಗಿ ಇರಲಿ. ಈ ಗಿಡ ಬಾಯಾರಿಕೆಯನ್ನು ಕೆಲವು ದಿನ ತಾಳೀತು, ಬುಡದಲ್ಲಿ ನಿಂತ ನೀರನ್ನು ತಾಳದು. ದಪ್ಪ ಗೆಡ್ಡೆಗಳು ಸುಮಾರು ಮೂರು ತಿಂಗಳಿಗೆ ದಂಡು ಎತ್ತುತ್ತವೆ.

ಮಾಲೆಗೂ ಪರಿಮಳಕ್ಕೂ ಒಂದು ಸುತ್ತಿನ ಹೂವೇ ಮೇಲು. ಎಸಳು ಒತ್ತಾದ ಬಗೆ ಹೂದಾನಿಗೆ ಶೋಭೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಶೃಂಗಾರ್, ಪ್ರಜ್ವಲ್ ತಳಿಗಳು ಒಂದು ಸುತ್ತಿನವು. ಸುವಾಸಿನಿ, ವೈಭವ್ ಒತ್ತೆಸಳಿನವು. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು ಈ ಗಿಡದ ಮುಖ್ಯ ಶತ್ರು. ಮಣ್ಣಿಗೆ ಬೇವಿನ ಹಿಂಡಿ ಹಾಕಿರಿ. ಪ್ರತಿ ಸಲ ಅಗೆದಾಗಲೂ ಮಡಿ ಬದಲಿಸಿ, ಬಿಟ್ಟ ಮಡಿಯಲ್ಲಿ ಚೆಂಡುಹೂ ಬೆಳೆಯಿರಿ.

ದಂಡಿನ ಹೂವು ಕೆಳಗಿನಿಂದ ಮೇಲಕ್ಕೆ ಅರಳುತ್ತದೆ. ಬುಡದ ಒಂದೆರಡು ಹೂ ಬಿರಿದಾಗ ಕೊಯ್ದರೆ ಹೂದಾನಿಯಲ್ಲಿ ಉಳಿದ ಮೊಗ್ಗುಗಳೂ ಸರದಿಯಂತೆ ಬಿರಿಯುತ್ತವೆ. ಕಿಟಕಿಯ ಬಳಿ ಒಂದು ಮಡಿಯಿದ್ದರೆ ಇನ್ನೂ ಒಳ್ಳಿತು. ಪರಿಮಳ ಹೆಚ್ಚುವುದು ಕತ್ತಲಾದ ಮೇಲೆ. ರಜನೀಗಂಧಾ ಎಂಬ ಹೆಸರು ಅದಕ್ಕಾಗಿಯೇ ಸಂದಿದೆ.

ಬಾಡಿಗೆಯ ಮನೆಯಲ್ಲಿದ್ದು, ವರ್ಗವಾದಾಗಲೆಲ್ಲ ಊರು ಬಿಡುವವರು "ನಮಗೇಕೆ ತೋಟ" ಎನ್ನುವುದುಂಟು. ಹಬ್ಬಿದ ಮಲ್ಲಿಗೆಯ ಬಳ್ಳಿಯನ್ನು ಬಿಟ್ಟೇ ಹೋಗಬೇಕು, ನಿಜ. ಒಣಗಿದ ಸುಗಂಧರಾಜದ ಗೆಡ್ಡೆಗಳು ಹಾಗಲ್ಲ. ಬಟ್ಟೆಯ ಗಂಟಿನಲ್ಲಿ ನಿಮ್ಮೊಡನೆ ಬರುತ್ತವೆ. ಹೊರಡುವ ಮುನ್ನ ಹತ್ತು ಗೆಡ್ಡೆಗಳನ್ನು ನೆರೆಮನೆಗೆ ಕೊಡಿರಿ. ಹತ್ತನ್ನು ನಿಮ್ಮ ಜೊತೆ ಒಯ್ಯಿರಿ.