ಬೆಟ್ಟದ ಮೇಲಿನ ಎರಡು ಊರು

ಈಗ ಬೆಳಗಿನ ಆರೂವರೆ. ಲಡಾಖಿನ ಲೇಹ್‌ನಲ್ಲೂ ಇದೇ ಹೊತ್ತು. ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ ಸಿದ್ಧವಾಗುತ್ತಿರುತ್ತದೆ. ಪೆರು ದೇಶದ ಕುಸ್ಕೊದಲ್ಲಿ ಇನ್ನೂ ನಿನ್ನೆಯ ರಾತ್ರಿ ಎಂಟು ಗಂಟೆ.

ಹತ್ತೂವರೆ ತಾಸಿನ ಅಂತರವಿದ್ದರೂ ಇವೆರಡೂ ಸುಮಾರು 3,400ರಿಂದ 3,500 ಮೀಟರ್ ಎತ್ತರದ ಊರುಗಳು. ಹೊಸಬರಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಕುಸ್ಕೊದವರು ಬಂದವರಿಗೆ ಕೋಕಾ ಎಲೆಯ ಬಿಸಿ ಕಷಾಯ ಕೊಡುತ್ತಾರೆ.

ಲಡಾಖಿಗಳು ಬೇಸಿಗೆಯ ಏಪ್ರಿಕಾಟ್ ಒಣಗಿಸಿ ಚಳಿಗಾಲಕ್ಕೆ ಎತ್ತಿಡುತ್ತಾರೆ. ಕುಸ್ಕೊ ಇರುವ ಆಂಡೀಸ್ ಪರ್ವತಗಳ ರೈತರು ಆಲೂಗಡ್ಡೆಯನ್ನು ಜೂನ್ ತಿಂಗಳ ಕೊರೆಯುವ ರಾತ್ರಿಗಳಲ್ಲಿ ಬಯಲಿನಲ್ಲಿ ಹರವುತ್ತಾರೆ. ಹೆಪ್ಪುಗಟ್ಟಿದ್ದನ್ನು ಹಗಲಲ್ಲಿ ತುಳಿದು ನೀರು ಹಿಂಡಿ, ಒಣಗಿಸಿ, ವರ್ಷಗಟ್ಟಲೆ ಕಾಪಾಡುತ್ತಾರೆ.

ಪರಸ್ಪರ ಕಂಡರಿಯದ ಜನಕ್ಕೆ ಕಷ್ಟದ ನೆಲ ಒಂದೇ ವಿವೇಕ ಕಲಿಸಿದೆ: ಇದ್ದಾಗ ಉಳಿಸು, ಬಂದವರನ್ನು ಉಪಚರಿಸು. ಇಂದು ನಾವೂ ಒಂದು ತುತ್ತು ಅನ್ನವನ್ನೂ ಚೆಲ್ಲದಿರೋಣ.